ದೊಡ್ಡ ಮಳಿಗೆ ಬಿಟ್ಟುಕೊಟ್ಟ ಜಾಗ: ಸಣ್ಣ ಅಂಗಡಿ ಉಳಿಯುವ ಬಗೆ

ಹತ್ತಿರದಲ್ಲೇ ದೊಡ್ಡ ಮಳಿಗೆಯೊಂದು ತೆರೆಯಲಿದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನ ಸಣ್ಣ ಅಂಗಡಿಯವರ ಮನಸ್ಸಿನಲ್ಲಿ ಮೊದಲು ಏಳುವುದು ಬೆಲೆಯ ಚಿಂತೆ: ಅವರು ಮಾರುವ ದರಕ್ಕೆ ನಾನು ಮಾರಲು ಆದೀತೇ? ಬಹುಪಾಲು ಸರಕುಗಳ ವಿಷಯದಲ್ಲಿ ಆಗುವುದಿಲ್ಲ ಎಂಬುದೇ ನೇರವಾದ ಉತ್ತರ. ಹಾಗಿದ್ದರೂ ದೊಡ್ಡ ಮಳಿಗೆಗಳು ಬಂದು ನೂರು ವರ್ಷಗಳಾದ ಮೇಲೂ ಜಗತ್ತಿನ ಎಲ್ಲ ಕಡೆ ಒಬ್ಬರೇ ಮಾಲೀಕರು ನಡೆಸುವ ಅಂಗಡಿಗಳು ಬಾಗಿಲು ತೆರೆದಿವೆ. ಬೆಲೆಯಲ್ಲಿ ಸೋಲುವ ಅಂಗಡಿ ವ್ಯಾಪಾರದಲ್ಲಿ ಹೇಗೆ ಉಳಿಯುತ್ತದೆ ಎಂಬುದನ್ನು ತಿಳಿಯಬೇಕಾದರೆ, ದೊಡ್ಡ ಮಳಿಗೆಗೆ ಅಗ್ಗವಾಗಿ ಮಾರಲು ಹೇಗೆ ಸಾಧ್ಯವಾಗುತ್ತದೆ ಎಂಬಲ್ಲಿಂದಲೇ ಆರಂಭಿಸಬೇಕು.

ಇಲ್ಲಿ ‘ಸಣ್ಣ ಅಂಗಡಿ’ ಎಂದರೆ ಏನನ್ನು ತರಬೇಕು, ಎಷ್ಟಕ್ಕೆ ಮಾರಬೇಕು, ಯಾವಾಗ ತೆರೆಯಬೇಕು ಎಂಬುದನ್ನೆಲ್ಲ ಗಲ್ಲಾದ ಹಿಂದೆ ಕುಳಿತವರೇ ನಿರ್ಧರಿಸುವ ಅಂಗಡಿ. ‘ಸರಣಿ ಮಳಿಗೆ’ ಎಂದರೆ ಒಂದೇ ಕಂಪನಿ ಹಲವು ಊರುಗಳಲ್ಲಿ ಒಂದೇ ಮಾದರಿಯಲ್ಲಿ ನಡೆಸುವ ಮಳಿಗೆಗಳು. ಅಲ್ಲಿ ನಿರ್ಧಾರಗಳು ದೂರದ ಕಚೇರಿಯೊಂದರಲ್ಲಿ ಆಗುತ್ತವೆ.

ದೊಡ್ಡವರಿಗೆ ಅಗ್ಗವಾಗುವುದು ಹೇಗೆ?

ಮೊದಲ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದು. ಒಂದು ಪೆಟ್ಟಿಗೆ ಕೊಳ್ಳುವವರಿಗೂ ಹತ್ತು ಸಾವಿರ ಪೆಟ್ಟಿಗೆ ಕೊಳ್ಳುವವರಿಗೂ ತಯಾರಕರು ಒಂದೇ ದರ ಹೇಳುವುದಿಲ್ಲ. ಇದರ ಜೊತೆಗೆ ದೊಡ್ಡ ಮಳಿಗೆಗೆ ತನ್ನದೇ ಗೋದಾಮು, ತನ್ನದೇ ಲಾರಿಗಳು ಇರುವುದರಿಂದ ಮಧ್ಯದ ಸಗಟು ವ್ಯಾಪಾರಿಯ ಪಾಲು ಉಳಿಯುತ್ತದೆ. ಲೆಕ್ಕಪತ್ರ, ಜಾಹೀರಾತು, ತಂತ್ರಾಂಶಗಳಂಥ ಸ್ಥಿರ ವೆಚ್ಚಗಳು, ಅಂದರೆ ವ್ಯಾಪಾರ ನಡೆದರೂ ನಡೆಯದಿದ್ದರೂ ತಪ್ಪದ ಖರ್ಚುಗಳು, ಲಕ್ಷಾಂತರ ಸರಕುಗಳ ಮೇಲೆ ಹರಡಿಹೋಗುತ್ತವೆ.

ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಕಾರಣವೆಂದರೆ ಹಣದ ಓಡಾಟ. ಪೂರೈಕೆದಾರರಿಗೆ 45 ದಿನಗಳ ನಂತರ ಹಣ ಕೊಡುವ ಒಪ್ಪಂದ ಮಾಡಿಕೊಂಡ ಮಳಿಗೆಯೊಂದು ಅದೇ ಸರಕನ್ನು 15 ದಿನಗಳಲ್ಲಿ ಮಾರಿ ಮುಗಿಸಿತು ಎಂದುಕೊಳ್ಳೋಣ. ಉಳಿದ 30 ದಿನ ಪೂರೈಕೆದಾರರ ಹಣವೇ ಆ ಮಳಿಗೆಯ ಬಂಡವಾಳವಾಗಿ ದುಡಿಯುತ್ತದೆ. ಸಣ್ಣ ಅಂಗಡಿಯ ಸ್ಥಿತಿ ಇದಕ್ಕೆ ತದ್ವಿರುದ್ಧ: ನಗದು ಕೊಟ್ಟು ತಂದ ಸರಕು ಎರಡು ತಿಂಗಳು ಕಪಾಟಿನಲ್ಲಿ ಕೂರುತ್ತದೆ, ಆ ಎರಡು ತಿಂಗಳು ಮಾಲೀಕರ ಹಣ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಒಂದೇ ವಸ್ತು, ಒಂದೇ ಲಾಭ. ಆದರೆ ಒಬ್ಬರಿಗೆ ಕಾಲ ನೆರವಾಗುತ್ತದೆ, ಇನ್ನೊಬ್ಬರಿಗೆ ಅದೇ ಕಾಲ ಬಡ್ಡಿಯಾಗಿ ಬೆಳೆಯುತ್ತದೆ.

ಅಗ್ಗಕ್ಕಾಗಿ ಬಿಟ್ಟುಕೊಟ್ಟದ್ದು

ಆದರೆ ಅಗ್ಗದ ಬೆಲೆಗೆ ದೊಡ್ಡ ಮಳಿಗೆಯೂ ಒಂದು ಬೆಲೆ ತೆತ್ತಿದೆ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ‘ಪಿಗ್ಲಿ ವಿಗ್ಲಿ’ ಎಂಬ ದಿನಸಿ ಅಂಗಡಿಯನ್ನು ತೆರೆದರು. ಅಲ್ಲಿಯವರೆಗೆ ದಿನಸಿ ಅಂಗಡಿಯಲ್ಲಿ ಗಿರಾಕಿ ಕಟ್ಟೆಯ ಈಚೆ ನಿಂತು ಬೇಕಾದ್ದನ್ನು ಹೇಳುವುದು, ಅಂಗಡಿಯವರು ಅದನ್ನು ಒಳಗಿನಿಂದ ತಂದು ಅಳೆದು ಕಟ್ಟಿಕೊಡುವುದು ರೂಢಿಯಾಗಿತ್ತು. ಸಾಂಡರ್ಸ್ ಆ ಕಟ್ಟೆಯನ್ನೇ ತೆಗೆದುಹಾಕಿದರು. ಗಿರಾಕಿಯ ಕೈಗೆ ಬುಟ್ಟಿ ಕೊಟ್ಟು, ಸಾಲು ಕಪಾಟುಗಳ ನಡುವೆ ನಡೆದು ತಾವೇ ಆರಿಸಿಕೊಂಡು ಬಂದು ಬಾಗಿಲ ಬಳಿ ಹಣ ಕೊಡುವ ವ್ಯವಸ್ಥೆ ಮಾಡಿದರು. ಕೆಲಸಗಾರರ ಸಂಖ್ಯೆ ಇಳಿಯಿತು, ಬೆಲೆಯೂ ಇಳಿಯಿತು, ಮುಂದೆ ಸೂಪರ್‌ಮಾರ್ಕೆಟ್ ಎಂದು ಕರೆಯಲಾದ ಎಲ್ಲದಕ್ಕೂ ಅದೇ ಮಾದರಿಯಾಯಿತು.

ಕಟ್ಟೆಯೊಂದಿಗೆ ಹೋದದ್ದು ಮಾತುಕತೆ. ಸ್ವಯಂಸೇವೆಯ ಮಳಿಗೆಯಲ್ಲಿ ಗಿರಾಕಿಗೆ ತನಗೇನು ಬೇಕೆಂಬುದು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವರ ಪಾಡು ಏನು ಎಂಬುದನ್ನು ಒಂದು ಚಿಕ್ಕ ಸನ್ನಿವೇಶದಲ್ಲಿ ನೋಡಬಹುದು. ಮನೆಯ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುತ್ತಿದೆ. ಅದರೊಳಗಿನ ಸವೆದ ವಾಷರನ್ನು ಕಾಗದದಲ್ಲಿ ಸುತ್ತಿಕೊಂಡು ಒಬ್ಬರು ಹಾರ್ಡ್‌ವೇರ್ ಅಂಗಡಿಗೆ ಬರುತ್ತಾರೆ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಸವರಿ ನೋಡಿ, “ನಲ್ಲಿ ಎಷ್ಟು ವರ್ಷ ಹಳೆಯದು? ಪೂರ್ತಿ ತಿರುಗಿಸಿದರೂ ತೊಟ್ಟಿಕ್ಕುತ್ತದೆಯೇ, ಅರ್ಧಕ್ಕೆ ನಿಲ್ಲುತ್ತದೆಯೇ?” ಎಂದು ಕೇಳುತ್ತಾರೆ. ಉತ್ತರ ಕೇಳಿದ ಮೇಲೆ, ವಾಷರ್ ಬದಲಿಸಿದರೆ ಸಾಲದು, ಅದು ಕೂರುವ ಲೋಹದ ಅಂಚೂ ಸವೆದಿದೆ ಎಂದು ತಿಳಿಸಿ, ಎರಡು ಚಿಕ್ಕ ಬಿಡಿಭಾಗಗಳನ್ನು ಕೊಟ್ಟು, ಮೊದಲು ನೀರಿನ ಮುಖ್ಯ ಕೊಳವೆ ಮುಚ್ಚುವುದನ್ನು ಮರೆಯಬೇಡಿ ಎನ್ನುತ್ತಾರೆ. ದೊಡ್ಡ ಮಳಿಗೆಯಲ್ಲಿ ಅದೇ ವಾಷರ್ ಹತ್ತು ಅಳತೆಗಳ ಪೊಟ್ಟಣದಲ್ಲಿ, ಬಿಡಿಯ ಲೆಕ್ಕದಲ್ಲಿ ಅಗ್ಗವಾಗಿಯೇ ಸಿಗುತ್ತದೆ. ಆದರೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ.

ಆ ಗಿರಾಕಿ ಕೊಂಡದ್ದು ವಾಷರನ್ನಲ್ಲ, ನಿಂತ ನಲ್ಲಿಯನ್ನು. ಸಣ್ಣ ಅಂಗಡಿಯ ಉಳಿವಿನ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇದರಲ್ಲೇ ಇದೆ: ದೊಡ್ಡ ಮಳಿಗೆ ಅಗ್ಗವಾಗುವುದಕ್ಕಾಗಿ ಏನೇನನ್ನು ಬಿಟ್ಟುಕೊಟ್ಟಿತೋ ಅದೆಲ್ಲ ಸಣ್ಣ ಅಂಗಡಿಗೆ ತೆರೆದಿರುವ ಜಾಗ. ಬಿಡಿಯಾಗಿ ಮಾರುವುದು, ಹಳೆಯ ಮಾದರಿಯ ಭಾಗಗಳನ್ನು ಇಟ್ಟುಕೊಳ್ಳುವುದು, ದುರಸ್ತಿ, ಅಳತೆಗೆ ತಕ್ಕಂತೆ ಕತ್ತರಿಸಿ ಕೊಡುವುದು, ಬೇಕಾದ್ದನ್ನು ಎರಡು ದಿನದಲ್ಲಿ ತರಿಸಿಕೊಡುವುದು, ಗಿರಾಕಿಯ ಹಿಂದಿನ ಖರೀದಿಯನ್ನು ನೆನಪಿಟ್ಟುಕೊಳ್ಳುವುದು, ಇವೆಲ್ಲ ಮಳಿಗೆ ದೊಡ್ಡದಾದಷ್ಟೂ ದುಬಾರಿಯಾಗುವ ಕೆಲಸಗಳು.

ರಿಯಾಯಿತಿಯ ಲೆಕ್ಕ

ಹಾಗಿದ್ದರೂ ಪೈಪೋಟಿ ಎದುರಾದೊಡನೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಬೆಲೆ ಇಳಿಸುವುದು. ಆ ಹೆಜ್ಜೆ ಎಷ್ಟು ಅಪಾಯಕಾರಿ ಎಂಬುದು ಲೆಕ್ಕ ಹಾಕಿ ನೋಡದ ಹೊರತು ಕಣ್ಣಿಗೆ ಕಾಣುವುದಿಲ್ಲ.

ಮಾರುವ ಬೆಲೆಯಿಂದ ಸರಕಿನ ಕೊಂಡ ಬೆಲೆಯನ್ನು ಕಳೆದರೆ ಉಳಿಯುವುದು ಒಟ್ಟು ಲಾಭ. ಅದರಿಂದ ಬಾಡಿಗೆ, ಸಂಬಳ, ವಿದ್ಯುತ್, ತೆರಿಗೆಗಳನ್ನೆಲ್ಲ ಕಳೆದ ಮೇಲೆ ಉಳಿಯುವುದು ನಿವ್ವಳ ಲಾಭ. ಒಂದು ವಸ್ತುವನ್ನು 75ಕ್ಕೆ ತಂದು 100ಕ್ಕೆ ಮಾರುವ ಅಂಗಡಿಯನ್ನು ತೆಗೆದುಕೊಳ್ಳೋಣ. ಅದರ ಒಟ್ಟು ಲಾಭ 25. ಈಗ ಶೇ 10ರ ರಿಯಾಯಿತಿ ಕೊಟ್ಟು 90ಕ್ಕೆ ಮಾರಿದರೆ ಕೊಂಡ ಬೆಲೆ ಬದಲಾಗುವುದಿಲ್ಲ, ಲಾಭ 15ಕ್ಕೆ ಇಳಿಯುತ್ತದೆ. ಮೊದಲು 100 ವಸ್ತು ಮಾರಿ ಗಳಿಸುತ್ತಿದ್ದ 2,500ನ್ನು ಗಳಿಸಲು ಈಗ 167 ವಸ್ತುಗಳನ್ನು ಮಾರಬೇಕು. ಅಂದರೆ ಬೆಲೆ ಇಳಿದದ್ದು ಹತ್ತನೇ ಒಂದು ಭಾಗ, ಮಾರಾಟ ಏರಬೇಕಾದದ್ದು ಮೂರನೇ ಎರಡು ಭಾಗ. ಪಕ್ಕದಲ್ಲೇ ದೊಡ್ಡ ಮಳಿಗೆ ತೆರೆದಿರುವಾಗ ಮಾರಾಟ ಅಷ್ಟು ಏರುವುದು ಅಸಂಭವವೆಂದೇ ಹೇಳಬೇಕು. ಏರಿದರೂ ಆ ಹೆಚ್ಚುವರಿ 67 ವಸ್ತುಗಳನ್ನು ತರಿಸಿ, ಜೋಡಿಸಿ, ಮಾರುವ ದುಡಿಮೆಗೆ ಪ್ರತಿಫಲವೇನೂ ಇಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಅದೇ ಅಂಗಡಿ ಬೆಲೆಯನ್ನು ಶೇ 5ರಷ್ಟು ಏರಿಸಿ, ಅದಕ್ಕೆ ತಕ್ಕ ಸೇವೆಯನ್ನು ಸೇರಿಸಿತು ಎಂದುಕೊಂಡರೆ ಲಾಭ ಒಂದಕ್ಕೆ 30 ಆಗುತ್ತದೆ. ಆಗ ನೂರರಲ್ಲಿ 16 ಮಾರಾಟ ಕೈತಪ್ಪಿದರೂ ಒಟ್ಟು ಗಳಿಕೆ ಮೊದಲಿಗಿಂತ ಕಡಿಮೆಯಾಗುವುದಿಲ್ಲ. ಎಲ್ಲರೂ ಬೆಲೆ ಏರಿಸಬೇಕು ಎಂದು ಇದರ ಅರ್ಥವಲ್ಲ. ಬೆಲೆಯೊಂದನ್ನೇ ನೋಡುವ ಗಿರಾಕಿಗಳನ್ನು ಉಳಿಸಿಕೊಳ್ಳಲು ಉಳಿದೆಲ್ಲರಿಂದ ಬರುವ ಲಾಭವನ್ನು ಕೊಟ್ಟುಬಿಡುವ ಮುನ್ನ ಈ ಎರಡು ಲೆಕ್ಕಗಳನ್ನೂ ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು.

ನೆನಪಿನಲ್ಲಿ ಉಳಿಯುವ ಬೆಲೆಗಳು

ದೊಡ್ಡ ಮಳಿಗೆಗಳು ಎಲ್ಲವನ್ನೂ ಅಗ್ಗವಾಗಿ ಮಾರುತ್ತವೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಗಿರಾಕಿಗಳಿಗೆ ಬೆಲೆ ಬಾಯಿಪಾಠವಾಗಿರುವುದು ಮೇಲಿಂದ ಮೇಲೆ ಕೊಳ್ಳುವ ಕೆಲವೇ ವಸ್ತುಗಳದ್ದು. ಅಂಗಡಿ ಅಗ್ಗವೋ ದುಬಾರಿಯೋ ಎಂದು ಅವರು ತೀರ್ಮಾನಿಸುವುದೂ ಅವುಗಳ ಮೇಲೆಯೇ. ದೊಡ್ಡ ಮಳಿಗೆಗಳು ಆ ಕೆಲವನ್ನು ಅತಿ ಕಡಿಮೆ ದರಕ್ಕೆ, ಒಮ್ಮೊಮ್ಮೆ ನಷ್ಟಕ್ಕೂ ಮಾರಿ, ಬೆಲೆ ನೆನಪಿರದ ಉಳಿದ ಸರಕುಗಳಲ್ಲಿ ಅದನ್ನು ತುಂಬಿಕೊಳ್ಳುತ್ತವೆ. ಸಣ್ಣ ಅಂಗಡಿಯವರೂ ತಮ್ಮಲ್ಲಿ ಅಂಥ ವಸ್ತುಗಳು ಯಾವುವು ಎಂದು ಗುರುತಿಸಿ, ಅವುಗಳ ದರವನ್ನು ಮಾತ್ರ ದೊಡ್ಡ ಮಳಿಗೆಯ ಹತ್ತಿರಕ್ಕೆ ತಂದುಕೊಂಡರೆ, ಉಳಿದ ನೂರಾರು ಸರಕುಗಳ ಬೆಲೆಯನ್ನು ಮುಟ್ಟಬೇಕಾಗಿಲ್ಲ.

ಯಾವುದನ್ನು ಮಾರಬೇಕು, ಯಾವುದನ್ನು ಬಿಡಬೇಕು

ವಾಲ್‌ಮಾರ್ಟ್ ತನ್ನ ಮೊದಲ ಮಳಿಗೆಯನ್ನು 1962ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ರೋಜರ್ಸ್ ಎಂಬ ಚಿಕ್ಕ ಊರಿನಲ್ಲಿ ತೆರೆಯಿತು. ಮುಂದಿನ ದಶಕಗಳಲ್ಲಿ ಅದು ಚಿಕ್ಕ ಊರುಗಳನ್ನೇ ಹುಡುಕಿಕೊಂಡು ಬೆಳೆಯಿತು. ಅಂಥ ಊರುಗಳ ಅಂಗಡಿಗಳಿಗೆ ಏನಾಯಿತು ಎಂಬುದನ್ನು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೆನ್ನೆತ್ ಸ್ಟೋನ್ 1980ರ ದಶಕದ ಕೊನೆಯಿಂದ ಮಾರಾಟ ತೆರಿಗೆಯ ದಾಖಲೆಗಳನ್ನು ಇಟ್ಟುಕೊಂಡು ಅಧ್ಯಯನ ಮಾಡಿದರು. ವಾಲ್‌ಮಾರ್ಟ್ ಮಾರುವುದನ್ನೇ ಮಾರುತ್ತಿದ್ದ ಅಂಗಡಿಗಳ ವ್ಯಾಪಾರ ಕುಸಿದಿತ್ತು. ಅದು ಮಾರದ ಸರಕು ಮತ್ತು ಸೇವೆಗಳನ್ನು ಕೊಡುತ್ತಿದ್ದವರ ವ್ಯಾಪಾರ ಅದೇ ಊರಿನಲ್ಲಿ ಹೆಚ್ಚಿತ್ತು. ಕಾರಣ ಸರಳವಾಗಿದೆ. ದೊಡ್ಡ ಮಳಿಗೆ ಸುತ್ತಮುತ್ತಲಿನ ಊರುಗಳ ಜನರನ್ನೂ ಸೆಳೆಯುತ್ತದೆ, ಹಾಗೆ ಬಂದವರು ಅಲ್ಲಿ ಸಿಗದ್ದನ್ನು ಪಕ್ಕದಲ್ಲಿ ಹುಡುಕುತ್ತಾರೆ. ದೊಡ್ಡ ಮಳಿಗೆಯಿಂದ ನಿಜಕ್ಕೂ ಹೊಡೆತ ತಿಂದದ್ದು, ಜನ ಬಿಟ್ಟುಹೋದ ನೆರೆಯ ಊರುಗಳು.

ಆದ್ದರಿಂದ ಪಕ್ಕದಲ್ಲಿ ದೊಡ್ಡ ಮಳಿಗೆ ಬಂದಾಗ ಅಂಗಡಿಯವರು ಮಾಡಬೇಕಾದ ಮೊದಲ ಕೆಲಸ ಅದರೊಳಗೆ ಹೋಗಿ, ಕಪಾಟಿನಿಂದ ಕಪಾಟಿಗೆ ನಿಧಾನವಾಗಿ ನಡೆದು, ಅಲ್ಲಿ ಏನಿಲ್ಲ ಎಂದು ನೋಡಿಕೊಂಡು ಬರುವುದು. ಒಂದೇ ವರ್ಗದ ಸರಕನ್ನು ಆಳವಾಗಿ ಇಡುವುದು ಇಲ್ಲಿಂದ ಹುಟ್ಟುವ ದಾರಿ. ದೊಡ್ಡ ಮಳಿಗೆ ಐದು ಬಗೆಯ ಸೈಕಲ್ ಟ್ಯೂಬ್ ಇಟ್ಟರೆ ಸೈಕಲ್ ಅಂಗಡಿ ನಲವತ್ತು ಬಗೆ ಇಡಬಹುದು, ಅದನ್ನು ಹಾಕಿಯೂ ಕೊಡಬಹುದು.

ಪುಸ್ತಕದ ಅಂಗಡಿಗಳ ಕಥೆ ಈ ವಿಷಯದಲ್ಲಿ ಬಹಳ ಕಲಿಸುತ್ತದೆ, ಏಕೆಂದರೆ ಯಾವ ಅಂಗಡಿಯಲ್ಲಿ ಕೊಂಡರೂ ಪುಸ್ತಕ ಅಕ್ಷರಶಃ ಅದೇ ಪುಸ್ತಕ. 1990ರ ದಶಕದಲ್ಲಿ ಮೊದಲು ಸರಣಿ ಮಳಿಗೆಗಳು, ಹಿಂದೆಯೇ 1995ರಲ್ಲಿ ಅಮೆಜಾನ್ ಬಂದಾಗ ಅಮೆರಿಕದ ಸ್ವತಂತ್ರ ಪುಸ್ತಕ ಮಳಿಗೆಗಳು ಸಾಲುಸಾಲಾಗಿ ಮುಚ್ಚಿದವು. ಅವುಗಳ ಕಾಲ ಮುಗಿಯಿತೆಂದೇ ಎಲ್ಲರೂ ಎಣಿಸಿದ್ದರು. ಆದರೆ ಅಮೆರಿಕನ್ ಬುಕ್‌ಸೆಲ್ಲರ್ಸ್ ಅಸೋಸಿಯೇಷನ್ ಲೆಕ್ಕದಲ್ಲಿ 2009ರಲ್ಲಿ 1,651ಕ್ಕೆ ಇಳಿದಿದ್ದ ಸ್ವತಂತ್ರ ಮಳಿಗೆಗಳು 2015ರ ವೇಳೆಗೆ 2,227ಕ್ಕೆ ಏರಿದವು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಯಾನ್ ರಾಫೆಲ್ಲಿ ಇದರ ಹಿಂದೆ ಮೂರು ಸಂಗತಿಗಳನ್ನು ಗುರುತಿಸಿದರು: ಊರಿನವರೊಂದಿಗಿನ ನಂಟು, ಗಿರಾಕಿಯ ಅಭಿರುಚಿ ಬಲ್ಲವರು ಮಾಡುವ ಆಯ್ಕೆ, ಜನ ಸೇರುವ ಕಾರ್ಯಕ್ರಮಗಳು. ಇವುಗಳಲ್ಲಿ ಎರಡನೆಯದರ ಬೆಲೆಯನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ಲಕ್ಷಗಟ್ಟಲೆ ಪುಸ್ತಕ ಒಂದೇ ಕಡೆ ಸಿಗುವ ಕಾಲದಲ್ಲಿ, ಈ ತಿಂಗಳು ಓದಲು ಯೋಗ್ಯವಾದ ಇಪ್ಪತ್ತನ್ನು ಮೇಜಿನ ಮೇಲೆ ಇಟ್ಟು, ಪ್ರತಿಯೊಂದರ ಜೊತೆ ಎರಡು ಸಾಲು ಕೈಬರಹದ ಚೀಟಿ ಇಡುವವರು ಓದುಗರ ಒಂದು ದೊಡ್ಡ ತೊಡಕನ್ನೇ ಬಿಡಿಸಿದಂತೆ.

ಲಾಭವಿದ್ದೂ ಮುಚ್ಚುವ ಅಂಗಡಿಗಳು

ಅಂಗಡಿ ಮುಚ್ಚಿದಾಗ ದೊಡ್ಡ ಮಳಿಗೆಯ ಕಡೆಗೆ ಬೆರಳು ತೋರಿಸುವುದು ಸಹಜ. ಆದರೆ ಎಷ್ಟೋ ಅಂಗಡಿಗಳು ಒಳಗಿನ ಲೆಕ್ಕದಲ್ಲೇ ಸೋತಿರುತ್ತವೆ, ಪೈಪೋಟಿ ಕೊನೆಯ ತಳ್ಳು ಮಾತ್ರ ಕೊಟ್ಟಿರುತ್ತದೆ.

ದಾಸ್ತಾನಿನ ತಿರುವು ಎಂಬ ಮಾತನ್ನು ಇಲ್ಲಿ ತಿಳಿದುಕೊಳ್ಳಬೇಕು. ಕಪಾಟಿನಲ್ಲಿರುವ ಸರಕು ವರ್ಷದಲ್ಲಿ ಎಷ್ಟು ಸಲ ಪೂರ್ತಿ ಮಾರಿಹೋಗಿ ಮತ್ತೆ ತುಂಬುತ್ತದೆ ಎಂಬುದೇ ಅದರ ತಿರುವು. 100 ಹೂಡಿದ ಸರಕಿನಲ್ಲಿ ಒಂದು ತಿರುವಿಗೆ 30 ಸಿಗುವ ಅಂಗಡಿ ವರ್ಷಕ್ಕೆ ನಾಲ್ಕು ತಿರುವು ಕಂಡರೆ ಗಳಿಕೆ 120. ತಿರುವಿಗೆ 20 ಮಾತ್ರ ಸಿಗುವ ಸರಕು ಎಂಟು ಸಲ ತಿರುಗಿದರೆ ಗಳಿಕೆ 160. ಹಣ ಒಂದೇ, ಅದು ನಡೆದ ದಾರಿ ಬೇರೆ. ವರ್ಷದಿಂದ ಅಲುಗಾಡದ ಸರಕನ್ನು ‘ಎಂದಾದರೂ ಮಾರಿಹೋಗುತ್ತದೆ’ ಎಂದು ಇಟ್ಟುಕೊಳ್ಳುವುದಕ್ಕಿಂತ ಕೊಂಡ ಬೆಲೆಗಿಂತ ಕಡಿಮೆಗಾದರೂ ಮಾರಿ, ಆ ಹಣದಿಂದ ಬೇಗ ಓಡುವ ಸರಕನ್ನು ತರುವುದು ಹೆಚ್ಚಿನ ಸಂದರ್ಭಗಳಲ್ಲಿ ಜಾಣತನ. ಧೂಳು ಹಿಡಿದ ಪೆಟ್ಟಿಗೆ ಬಂಡವಾಳವನ್ನೂ ಜಾಗವನ್ನೂ ಒಟ್ಟಿಗೆ ಹಿಡಿದಿಟ್ಟಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು, ಮಾಲೀಕರು ತಮ್ಮ ದುಡಿಮೆಗೆ ಸಂಬಳ ಹಾಕಿಕೊಳ್ಳದಿರುವುದು. ಸ್ವಂತ ಕಟ್ಟಡಕ್ಕೆ ಬಾಡಿಗೆ ಬರೆಯದೆ, ಮನೆಯವರ ದುಡಿಮೆಗೆ ಕೂಲಿ ಹಿಡಿಯದೆ, ‘ವರ್ಷಕ್ಕೆ ಇಷ್ಟು ಉಳಿಯಿತು’ ಎನ್ನುವವರು ನಿಜದಲ್ಲಿ ನೋಡುತ್ತಿರುವುದು ಲಾಭವನ್ನಲ್ಲ, ತಮ್ಮದೇ ಬಾಡಿಗೆ ಮತ್ತು ಸಂಬಳವನ್ನು. ಅವೆರಡನ್ನೂ ಕಳೆದ ಮೇಲೆ ಏನೂ ಉಳಿಯದಿದ್ದರೆ ಆ ಅಂಗಡಿ ಈಗಾಗಲೇ ನಷ್ಟದಲ್ಲಿದೆ. ದಿನಕ್ಕೆ ಹದಿನಾಲ್ಕು ಗಂಟೆ ನಿಂತು ದುಡಿಯುವವರಿಗೆ ಈ ಮಾತು ಕಠಿಣವೆನಿಸುತ್ತದೆ ಎಂಬುದು ನನಗೆ ಗೊತ್ತು. ಆದರೂ ಈ ಲೆಕ್ಕವನ್ನು ಬೇಗ ಮಾಡಿದವರಿಗೆ ಬದಲಾಯಿಸಿಕೊಳ್ಳಲು ಸಮಯ ಸಿಗುತ್ತದೆ, ಕೈಯಲ್ಲಿದ್ದ ಉಳಿತಾಯವೆಲ್ಲ ಕರಗಿದ ಮೇಲೆ ಮಾಡಿದವರಿಗೆ ಸಿಗುವುದಿಲ್ಲ.

ಒಟ್ಟಾಗಿ ಕೊಳ್ಳುವುದು

ಕೊಳ್ಳುವಾಗ ದೊಡ್ಡವರಾಗಿ, ಮಾರುವಾಗ ಸಣ್ಣವರಾಗಿ ಇರಲು ಸಾಧ್ಯವೇ? ಸಾಧ್ಯ ಎಂಬುದಕ್ಕೆ ಹಳೆಯ ಉದಾಹರಣೆಗಳಿವೆ. 1898ರಲ್ಲಿ ಬರ್ಲಿನ್ನಿನ ಕೆಲವು ಕಿರಾಣಿ ವ್ಯಾಪಾರಿಗಳು ಸೇರಿ ಸರಕನ್ನು ಒಟ್ಟಿಗೆ ಕೊಳ್ಳುವ ಸಹಕಾರ ಸಂಘ ಕಟ್ಟಿಕೊಂಡರು. ಆ ಸಂಘದ ಉದ್ದ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ ‘ಎಡೇಕಾ’ ಇಂದು ಜರ್ಮನಿಯ ಅತಿ ದೊಡ್ಡ ದಿನಸಿ ಜಾಲ. ಅದರ ಬಹುಪಾಲು ಅಂಗಡಿಗಳನ್ನು ಈಗಲೂ ಸ್ವತಂತ್ರ ವ್ಯಾಪಾರಿಗಳೇ ನಡೆಸುತ್ತಾರೆ. ಅಮೆರಿಕದಲ್ಲಿ 1924ರಲ್ಲಿ ಶಿಕಾಗೋದ ಹಾರ್ಡ್‌ವೇರ್ ವ್ಯಾಪಾರಿಗಳಿಂದ ಆರಂಭವಾದ ‘ಏಸ್ ಹಾರ್ಡ್‌ವೇರ್’ 1970ರ ದಶಕದಲ್ಲಿ ಅಂಗಡಿ ಮಾಲೀಕರದೇ ಸಹಕಾರ ಸಂಸ್ಥೆಯಾಯಿತು. ಗೋದಾಮು, ಸಗಟು ದರ, ಜಾಹೀರಾತು ಎಲ್ಲರದೂ ಒಂದೇ. ಕಪಾಟಿನಲ್ಲಿ ಏನಿರಬೇಕು ಎಂಬ ತೀರ್ಮಾನ ಆಯಾ ಮಾಲೀಕರದು.

ಇಷ್ಟು ದೊಡ್ಡ ಸಂಸ್ಥೆ ಕಟ್ಟಲೇಬೇಕೆಂದಿಲ್ಲ. ಒಂದೇ ವ್ಯಾಪಾರದ ಆರೇಳು ಅಂಗಡಿಗಳು ಒಂದು ಲಾರಿ ಸರಕನ್ನು ಹಂಚಿಕೊಂಡು ತರಿಸಿದರೂ ದರ ಮತ್ತು ಸಾಗಣೆ ಎರಡರಲ್ಲೂ ಉಳಿತಾಯ ಕಾಣುತ್ತದೆ. ಇಲ್ಲಿ ತೊಡಕಾಗುವುದು ಹಣವಲ್ಲ, ನಂಬಿಕೆ. ಯಾರು ಎಷ್ಟು ಕೊಳ್ಳುತ್ತಾರೆ ಎಂಬುದನ್ನು ನೆರೆಯ ವ್ಯಾಪಾರಿಗೆ ತಿಳಿಸಲು ಹಿಂಜರಿಯುವುದರಿಂದ ಎಷ್ಟೋ ಪ್ರಯತ್ನಗಳು ಮೊದಲ ಸಭೆಯಲ್ಲೇ ನಿಲ್ಲುತ್ತವೆ. ಸಗಟು ವ್ಯಾಪಾರಿಯೊಬ್ಬರು ಮುಂದಾಳತ್ವ ವಹಿಸಿದರೆ ಈ ಹಿಂಜರಿಕೆ ತಗ್ಗುತ್ತದೆ; 1932ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ‘ಸ್ಪಾರ್’ ಬೆಳೆದದ್ದು ಹಾಗೆಯೇ.

ಕಾನೂನು ಎಷ್ಟು ಕಾಪಾಡುತ್ತದೆ?

ಸರ್ಕಾರಗಳು ಬಗೆಬಗೆಯ ದಾರಿ ಹಿಡಿದಿವೆ. 1936ರಲ್ಲಿ ಅಮೆರಿಕ ತಂದ ರಾಬಿನ್‌ಸನ್–ಪ್ಯಾಟ್‌ಮನ್ ಕಾಯ್ದೆ, ಪೈಪೋಟಿಗೆ ಧಕ್ಕೆಯಾಗುವಂತೆ ಒಂದೇ ಸರಕಿಗೆ ಒಬ್ಬ ವ್ಯಾಪಾರಿಗೊಂದು ಇನ್ನೊಬ್ಬರಿಗೊಂದು ದರ ಹಾಕುವುದನ್ನು ನಿರ್ಬಂಧಿಸಿತು. 1973ರಲ್ಲಿ ಫ್ರಾನ್ಸ್ ಮತ್ತು ಜಪಾನ್ ಎರಡೂ ದೊಡ್ಡ ಮಳಿಗೆ ತೆರೆಯುವುದರ ಮೇಲೆ ಹಿಡಿತವಿಡುವ ಕಾನೂನು ಮಾಡಿದವು. ಜಪಾನ್ ತನ್ನ ಕಾನೂನನ್ನು 2000ದಲ್ಲಿ ಕೈಬಿಟ್ಟಿತು. 1981ರ ಫ್ರೆಂಚ್ ಕಾನೂನಿನ ಪ್ರಕಾರ ಪುಸ್ತಕದ ಬೆಲೆಯನ್ನು ಪ್ರಕಾಶಕರೇ ಗೊತ್ತುಮಾಡುತ್ತಾರೆ, ಯಾವ ಮಳಿಗೆಯೂ ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಬ್ರಿಟನ್ನಿನಲ್ಲಿ 1900ರಿಂದ ಇದ್ದ ಇಂಥದ್ದೇ ಒಪ್ಪಂದ 1990ರ ದಶಕದಲ್ಲಿ ಮುರಿದುಬಿತ್ತು. ಕಾನೂನಿನಿಂದ ಕಾಲಾವಕಾಶ ಸಿಗುತ್ತದೆ, ಗಿರಾಕಿ ಸಿಗುವುದಿಲ್ಲ. ಕಾನೂನು ಸರ್ಕಾರದೊಂದಿಗೆ ಬದಲಾಗಲೂಬಹುದು.

ಅಂತರ್ಜಾಲದ ಮಾತು

ಎಲ್ಲ ಅಂಗಡಿಯೂ ಆನ್‌ಲೈನ್ ಮಾರಾಟಕ್ಕೆ ಇಳಿಯಬೇಕಾಗಿಲ್ಲ. ದೊಡ್ಡ ಮಾರಾಟ ತಾಣಗಳ ಕಮಿಷನ್, ಸಾಗಣೆ, ಹಿಂದಿರುಗಿ ಬಂದ ಸರಕಿನ ಖರ್ಚನ್ನು ಕಳೆದರೆ ಹಲವು ವಸ್ತುಗಳಲ್ಲಿ ಏನೂ ಗಿಟ್ಟುವುದಿಲ್ಲ. ಆದರೆ ಮೊಬೈಲ್ ನಕ್ಷೆಯಲ್ಲಿ ಅಂಗಡಿ ಕಾಣಬೇಕು, ತೆರೆಯುವ ಮುಚ್ಚುವ ವೇಳೆ ಅಲ್ಲಿ ಸರಿಯಾಗಿರಬೇಕು, ‘ಈ ವಸ್ತು ಇದೆಯೇ’ ಎಂದು ಸಂದೇಶ ಬಂದರೆ ಕೂಡಲೇ ಉತ್ತರ ಹೋಗಬೇಕು. ತೆರೆದಿದೆ ಎಂದು ನಂಬಿ ಬಂದು ಮುಚ್ಚಿದ ಬಾಗಿಲು ಕಂಡವರು ಮತ್ತೊಮ್ಮೆ ಬರುವುದು ಕಷ್ಟ.

‘ಇಲ್ಲ’ ಎಂದದ್ದರ ಪುಸ್ತಕ

ಮೇಲಿನ ಎಲ್ಲದಕ್ಕೂ ಬೇಕಾದ ಮಾಹಿತಿ ಅಂಗಡಿಯವರ ಬಳಿ ಒಂದು ಪುಸ್ತಕದಲ್ಲಿ ಸಿಗುತ್ತದೆ, ಆದರೆ ಹೆಚ್ಚಿನವರು ಆ ಪುಸ್ತಕ ಇಡುವುದಿಲ್ಲ. ಬಿಲ್ಲಿನ ಯಂತ್ರ ಮಾರಿದ್ದನ್ನು ಮಾತ್ರ ದಾಖಲಿಸುತ್ತದೆ. ಗಿರಾಕಿ ಕೇಳಿ, ‘ಇಲ್ಲ’ ಎಂಬ ಉತ್ತರ ಪಡೆದು ಹೋದದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಗಲ್ಲಾದ ಪಕ್ಕ ಒಂದು ನೋಟ್‌ಪುಸ್ತಕವಿಟ್ಟು, ಯಾರಾದರೂ ಕೇಳಿ ಸಿಗದ ವಸ್ತುವಿನ ಹೆಸರು, ದಿನಾಂಕ, ಅವರು ಅದನ್ನು ಯಾತಕ್ಕಾಗಿ ಕೇಳಿದರು ಎಂಬ ಒಂದು ಸಾಲನ್ನು ಆಗಿಂದಾಗಲೇ ಬರೆಯುತ್ತ ಹೋಗಬೇಕು. ಎರಡು ತಿಂಗಳಾದ ಮೇಲೆ ಅದನ್ನು ತೆರೆದರೆ ಒಂದೇ ಹೆಸರು ಐದು ಸಲ, ಎಂಟು ಸಲ ಬಂದಿರುವುದು ಕಾಣುತ್ತದೆ. ದೊಡ್ಡ ಮಳಿಗೆಯ ಕಪಾಟುಗಳನ್ನು ನೋಡಿಕೊಂಡು ಬಂದಾಗ ಬರೆದಿಟ್ಟ, ಅಲ್ಲಿ ಇಲ್ಲದ ಸರಕುಗಳ ಪಟ್ಟಿಯ ಪಕ್ಕದಲ್ಲಿ ಈ ಪುಸ್ತಕವನ್ನು ಇಡಿ. ಎರಡರಲ್ಲೂ ಇರುವ ಹೆಸರುಗಳೇ ಮುಂದಿನ ವಾರ ತರಿಸಬೇಕಾದ ಸರಕು; ಅದಕ್ಕೆ ಬೇಕಾದ ಜಾಗ ಮತ್ತು ಹಣ ಎರಡೂ ವರ್ಷದಿಂದ ಅಲುಗಾಡದ ಆ ಪೆಟ್ಟಿಗೆಗಳಲ್ಲಿವೆ.